ಪಾಲೆ ಕಷಾಯದ ಒಂದು ಬೆಳಗ್ಗೆ

ಜೀವಶಾಸ್ತ್ರದ ಮೇಷ್ಟ್ರು ಹೇಳಬಾರದ ಮಾತೊಂದನ್ನು ನಿಮಗೆ ಮಾತ್ರ ಹೇಳುತ್ತೇನೆ: ನನಗೆ ಮರಗಳ ಗುರುತು ಸಾಲದು. ಪುಸ್ತಕದಲ್ಲಿ ಎಲೆಯ ಚಿತ್ರ ತೋರಿಸಿದರೆ ಲ್ಯಾಟಿನ್ ಹೆಸರು ಹೇಳಿಯೇನು. ಗುಡ್ಡದಲ್ಲಿ ನಿಲ್ಲಿಸಿದರೆ ಎಲ್ಲವೂ ಬರೀ ಮರ.

ನಮ್ಮ ಕಾಣಿಯೂರಿನ ಕಡೆ ಆಟಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆಯಂದು ಪಾಲೆ (ಹಾಲೆ) ಮರದ ತೊಗಟೆಯ ಕಷಾಯ ಕುಡಿಯುವ ಕ್ರಮವಿದೆ. ಲೋಕದ ಔಷಧಗಳೆಲ್ಲ ಆ ದಿನ ಪಾಲೆಯೊಳಗೆ ಬಂದು ಸೇರುತ್ತವಂತೆ. ಬೆಳಕು ಹರಿಯುವ ಮೊದಲೇ ಹೋಗಿ, ಮರಕ್ಕೆ ಕೈಮುಗಿದು, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರಬೇಕು. ಅಶ್ವತ್ಥಕ್ಕಾದರೆ ಸುತ್ತು ಬಂದರೆ ಸಾಕು, ಮರ ತಪ್ಪಿದರೂ ಪ್ರಾಣಕ್ಕೇನೂ ಇಲ್ಲ. ಪಾಲೆಯದು ಹಾಗಲ್ಲ. ಕತ್ತಲಲ್ಲಿ ಅದರಂತೆಯೇ ಕಾಣುವ ಕಾಸರಕವೂ ಅದೇ ಗುಡ್ಡದಲ್ಲಿದೆ. ಅದು ವಿಷ.

ಪ್ರತಿವರ್ಷ ತಂದುಕೊಡುತ್ತಿದ್ದ ಮೇಲಿನ ಮನೆಯವರು ಈ ಸಲ ಊರಲ್ಲಿರಲಿಲ್ಲ. ಸುರಿಯುವ ಮಳೆಯಲ್ಲಿ ನಾನೇ ಹೋಗಿ ತಂದೆ. ಅಮ್ಮ ಅದನ್ನು ಓಮ, ಬೆಳ್ಳುಳ್ಳಿ ಹಾಕಿ ಅರೆದು ಹಿಂಡಿ, ಕಾದ ಬಿಳಿಕಲ್ಲು ಮುಳುಗಿಸಿ, ಮೊದಲ ಲೋಟ ತಾನೇ ಕುಡಿದಳು. ನನ್ನ ಲೋಟ ಎತ್ತುವಾಗ ಬೆರಳುಗಳತ್ತ ನೋಡಿದೆ. ಪಾಲೆ ಎಂದರೆ ಹಾಲು ಒಸರಬೇಕು. ಕೈಗೆ ಅಂಟಿದ ನೆನಪೇ ಇಲ್ಲ.

“ಕಾಲು ಎಂತದೋ ಹಿಡಿದ ಹಾಗೆ ಆಗ್ತದೆ ಮಗಾ,” ಎಂದಳು ಅಮ್ಮ.

ಕಾಸರಕದ ವಿಷಕ್ಕೆ ಸ್ನಾಯುಗಳು ಸೆಟೆಯುತ್ತವೆ ಎಂದು ಪಾಠ ಮಾಡಿದವನು ನಾನೇ. ಲೋಟ ಕೆಳಗಿಟ್ಟೆ. ಮರದ ವ್ಯಾಪಾರ ಮಾಡುವ ಪಕ್ಕದ ಮನೆಯ ಹಮೀದ್ ಬ್ಯಾರಿಯವರನ್ನು ಕೂಗಿ, ಕೈಗೆ ಹಾಲು ಅಂಟದ ವಿಷಯವನ್ನು ಅಮ್ಮನಿಗೆ ಕೇಳದ ಹಾಗೆ ಹೇಳಿದೆ. ಅವರ ಜೀಪಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಪುತ್ತೂರಿನ ಆಸ್ಪತ್ರೆಗೆ ಹೊರಟೆವು. ಅಮ್ಮನ ಕೈ ಹಿಡಿದಿದ್ದೆ. ಅದು ಸೆಟೆಯುತ್ತಿದೆಯೋ, ನಾನೇ ಬಿಗಿಯಾಗಿ ಹಿಡಿದಿದ್ದೇನೋ ತಿಳಿಯಲಿಲ್ಲ.

ನಾನು ತೊಗಟೆ ತಂದ ಮರ ಗುಡ್ಡದ ದಾರಿಯಲ್ಲೇ ಇತ್ತು. ಹಮೀದ್ ಜೀಪು ನಿಲ್ಲಿಸಿ ಇಳಿದರು. “ಯಾವುದು ಮಾಷ್ಟ್ರೆ?”

ತೋರಿಸಿದೆ. ಬಾಗಿದ ಗೆಲ್ಲಿನಿಂದ ಒಂದು ಎಲೆ ಚಿವುಟಿದರು. ಬಿಳಿ ಹಾಲು ಒಸರಿತು.

“ಪಾಲೆಯೇ. ಏಳೇಳು ಎಲೆ ಒಟ್ಟಿಗೆ ಉಂಟಲ್ಲ, ಕಾಣುದಿಲ್ವಾ ನಿಮಗೆ? ಕೈಯ ಹಾಲು ಮಳೆಗೆ ತೊಳೆದು ಹೋದದ್ದು.”

ಕೆಸರಲ್ಲೇ ಕುಳಿತುಬಿಟ್ಟೆ. ಕಾಲು ಹಿಡಿಯುವುದು ಅಮ್ಮನಿಗೆ ಮಳೆಗಾಲದಲ್ಲಿ ಇದ್ದದ್ದೇ ಎಂದು ಆಗಷ್ಟೇ ನೆನಪಾಯಿತು. ಏನಾಯಿತೆಂದು ಅವಳು ಜೀಪಿನಿಂದಲೇ ಕೇಳಿದಳು. ಎಲ್ಲ ಹೇಳಿದೆ.

“ಕುಡಿಯುವ ಮೊದಲು ಹೇಳ್ಲಿಕ್ಕೆ ಎಂತ ನಿನಗೆ?” ಎಂದಳು. “ನಾನು ಮರ ನೋಡಿ ಕುಡಿದದ್ದಾ? ನೀನು ತಂದದ್ದು ಅಂತ ಕುಡಿದದ್ದು.”

ಅಷ್ಟರಲ್ಲಿ ಇಳಿಯತೊಡಗಿದ್ದ ಹೆದರಿಕೆ ಆ ಮಾತಿಗೆ ಮತ್ತೆ ಏರಿತು. ಈಗಲೂ ಪೂರ್ತಿ ಇಳಿದಿಲ್ಲ.