ಮಗನ ಹೆಸರಿನ ಸ್ನಾನ

ರಂಗೂಬಾಯಿಯನ್ನು ಕಂಡರೆ ಕಾಶವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಸಾವಿರದ ಒಂಬೈನೂರ ತೊಂಬತ್ತೆಂಟರ ಸುಮಾರಿಗೆ ಪುಣೆಯ ಸಹಕಾರನಗರದ ವೃದ್ಧಾಶ್ರಮವೊಂದರಲ್ಲಿ ಬುದ್ಧಿ ಮಸುಕಾದ ಮುದುಕಿಯರನ್ನು ಮೀಯಿಸುವುದು ಕಾಶವ್ವನ ಕೆಲಸ. ಉಳಿದವರು ಹೇಗೋ ಬಗ್ಗುತ್ತಿದ್ದರು. ಧಾರವಾಡದ ಈ ಬ್ರಾಹ್ಮಣರ ಹೆಂಗಸು ಮಾತ್ರ ತಂಬಿಗೆ ಕಂಡರೆ ಉಗುಳುವುದು, ಮುಂಗೈ ಕಚ್ಚುವುದು. "ಮುಟ್ಟಬ್ಯಾಡ ಮುಂಡೇ! ನಂದು ಮಡಿ ಅದ!"

ರಂಗೂಬಾಯಿಯ ಮಗ ರಾಘಣ್ಣ, ಭೋಸರಿಯ ಕಾರ್ಖಾನೆಯೊಂದರ ಸಾಹೇಬ, ರವಿವಾರ ಬಂದು ಮೊದಲು ತಾಯಿಯ ತಲೆ ಮೂಸುತ್ತಿದ್ದ, ಮಾತು ಆಮೇಲೆ. ಒಮ್ಮೆ ಮೂಗು ಮುಚ್ಚಿಕೊಂಡು, "ಮುಂದಿನ ವಾರನೂ ಹಿಂಗ ನಾರಿದ್ರ ನಿನ್ನ ಕೆಲಸ ಬಿಡಸ್ತೀನಿ," ಎಂದ. ಬಿಡಿಸಬಲ್ಲವನೇ ಆಗಿದ್ದ. ಕಾಶವ್ವನ ಮನೆಯವರೆಲ್ಲ ಉಣ್ಣುತ್ತಿದ್ದದ್ದು ಆ ಕೆಲಸದಿಂದ.

ಹಿಂದೆ ಸದಾಶಿವಪೇಟೆಯಲ್ಲಿ ಮನೆಗೆಲಸ ಮಾಡುವಾಗ ಅವಳೊಂದು ಸಂಗತಿ ಕಂಡಿದ್ದಳು: ನೆಂಟರು ಸತ್ತ ಸುದ್ದಿ ಬಂದರೆ ಬ್ರಾಹ್ಮಣರು ಕೂಡಲೇ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಸೋಮವಾರ, "ನಿಮ್ಮ ಸೋದರತ್ತಿ ಹೋದ್ರಂತ್ರೀ," ಅಂದಳು. ರಂಗೂಬಾಯಿ ತಾನೇ ಎದ್ದು ಬಚ್ಚಲಿಗೆ ನಡೆದಳು! ಊಟದ ಹೊತ್ತಿಗೆ ಅತ್ತೆಯೂ ಇಲ್ಲ, ಸಾವೂ ಇಲ್ಲ, ಎಲ್ಲ ಮರೆತಿತ್ತು. ಕಾಶವ್ವ ದಿನಕ್ಕೊಬ್ಬ ನೆಂಟನನ್ನು ಮುಗಿಸಿದಳು. ಶನಿವಾರ ನೆಂಟರೇ ಉಳಿಯಲಿಲ್ಲ. ಹಾಳಾಗಿ ಹೋಗಲಿ ಎಂದು ಹಲ್ಲು ಕಡಿದು ರಾಘಣ್ಣನನ್ನೇ ಸಾಯಿಸಿದಳು. ಹೇಳುವಾಗ ಖುಷಿಯೂ ಆಯಿತು.

ಲಿಂಗ ಕಟ್ಟಿದ ಮನೆತನದ ಕಾಶವ್ವನಿಗೆ ಸೂತಕವೆಂಬುದೇ ಇಲ್ಲ. ಮಗನ ಸೂತಕ ಒಂದು ಸ್ನಾನಕ್ಕೆ ಕಳೆಯುವುದಿಲ್ಲ, ಹತ್ತು ದಿನ ಹಿಡಿಯುತ್ತದೆ ಎಂಬುದು ಅವಳಿಗೇನು ಗೊತ್ತು? ಮುದುಕಿ ಮಿಂದು ಮೂಲೆ ಹಿಡಿದಳು. ತಾಟು ಮುಟ್ಟಲಿಲ್ಲ. ಈ ಸಾವನ್ನು ಮಾತ್ರ ಅವಳು ಅಷ್ಟು ಬೇಗ ಮರೆಯಲಿಲ್ಲ.

ರವಿವಾರ ರಾಘಣ್ಣ ಬಂದು ತಲೆ ಮೂಸಲು ಬಗ್ಗಿದ. ತಾಯಿ ಗೋಡೆಗೆ ಸರಿದಳು.

"ದೂರ ನಿಲ್ರೀ. ನನಗ ಸೂತಕ ಅದ. ನನ್ನ ರಾಘು ಹೋದ."

"ಇದನ್ನ ಯಾರು ಹೇಳಿದ್ದು?"

"ನಾನ ಹೇಳೀನ್ರಿ," ಎಂದಳು ಕಾಶವ್ವ, ಸೊಕ್ಕಿನಿಂದಲೇ. "ಇಲ್ಲಾಂದ್ರ ಮೈಗೆ ನೀರು ಹಾಕಿಸ್ಕೊಳ್ಳೂದಿಲ್ಲ." ಕೆಲಸ ಹೋಯಿತೆಂದೇ ಸೆರಗು ಬಿಗಿದು ನಿಂತಳು.

ರಾಘಣ್ಣ ನಿಂತಲ್ಲಿಂದಲೇ ಮೂಸಿ ನೋಡಿದ.

"ವಾಸನಿ ಇಲ್ಲ. ದಿನಾ ಹಂಗ ಹೇಳು," ಎಂದವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಅವನ ಬೆನ್ನಿಗೆ ಉಗಿಯಬೇಕೆನಿಸಿತು ಕಾಶವ್ವನಿಗೆ. ರಂಗೂಬಾಯಿ ಕಣ್ಣೊರೆಸಿಕೊಳ್ಳುತ್ತ ಬಾಗಿಲ ಕಡೆ ನೋಡಿದಳು.

"ಅವ್ರ ತಾಯಿ ಭಾಳ ಪುಣ್ಯವಂತಿ. ಮಗ ಬದುಕ್ಯಾನ."

ಕೆಲಸ ಉಳಿದಿತ್ತು. ಬೆಳಗಾದರೆ ಕಾಶವ್ವ ಅವನನ್ನು ಮತ್ತೆ ಸಾಯಿಸಬೇಕಿತ್ತು, ಈಗ ಅವನದೇ ಅಪ್ಪಣೆಯಿಂದ.