ಬೆನ್ನು ತಿರುಗಿಸಿ ಕೇಳುತ್ತಿದ್ದ ಕೋಚ್

ನಮ್ಮ ಕೋಚ್ ಆಟದ ಅಂಕಣಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಗಿಡ್ಡ ಆಳು. ತುಸು ಮುದುಡಿದ ಎಡಗಿವಿಯ ಹಿಂದೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಓಡುವ ಹುಡುಗಿಯರ ಬೂಟಿನ ಸದ್ದು ಕೇಳುತ್ತಿದ್ದರು. ಯಾರು ಯಾವ ಕಾಲನ್ನು ಕಾಪಾಡಿಕೊಂಡು ಓಡುತ್ತಿದ್ದಾರೆಂದು ತಿರುಗಿ ನೋಡದೆಯೇ ಹೇಳುತ್ತಿದ್ದರು. ಆ ಹುಡುಗಿಯನ್ನು ಕೂರಿಸಿ, ಜೇಬಿನಿಂದ ಶೇಂಗಾ ಬೆಲ್ಲ ತೆಗೆದು ಕೊಟ್ಟು, ಕಾಲು ಒತ್ತಿ ನೋಡುತ್ತಿದ್ದರು.

ಸೋಲಾಪುರದ ಆ ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ನಾನು ಮ್ಯಾನೇಜರ್. ಬೆಳಿಗ್ಗೆ ಐದೂ ಮುಕ್ಕಾಲಿಗೆ ಗೇಟು ತೆಗೆಯುವುದು, ಹಾಜರಿ, ತಂಡದ ಯಾದಿ, ಯಾರನ್ನು ಉಳಿಸಬೇಕು ಯಾರನ್ನು ಬಿಡಬೇಕು, ಇವು ನನ್ನ ಕೆಲಸ. ಕಲಿಸುವುದು ಅವರ ಕೆಲಸ. ಯಾದಿಯಿಂದ ಬಿಟ್ಟುಹೋದವರು ನನ್ನನ್ನು ಬೈದು, ಅವರ ಹತ್ತಿರ ಹೋಗಿ ಅಳುತ್ತಿದ್ದರು.

ಅರವತ್ತೈದು ತುಂಬಿದಾಗ ನಾನು ಬಿಟ್ಟೆ. ಬಿಡುವಾಗ ಸಮಿತಿಯ ಮುಂದೆ ಸಲಹೆ ಇಟ್ಟವನೂ ನಾನೇ: ಮ್ಯಾನೇಜರ್ ಕೆಲಸವನ್ನೂ ಕೋಚ್‌ಗೇ ಕೊಡಿ, ಒಂದೇ ಫೈಲು, ಒಂದೇ ಸಹಿ. ಬಟ್ಟೆ ವ್ಯಾಪಾರಿಯಾದ ಅಧ್ಯಕ್ಷರು ಚಹಾ ಆರುವ ಮೊದಲೇ ಒಪ್ಪಿದರು. ಕೋಚ್ ಮಾತ್ರ ನನ್ನನ್ನು ಹೊರಗೆ ಕರೆದರು.

"ಸಾಹೇಬ್ರ, ಯಾದಿ ನನ್ನ ಕೈಯಾಗ ಬಂದ್ರ ಹುಡುಗ್ಯಾರು ನನ್ನ ಮುಂದ ಕುಂಟೂದಿಲ್ರಿ."

ಚೇಷ್ಟೆ ಎಂದುಕೊಂಡೆ. ಠರಾವಿನಲ್ಲಿ ಸರ್ವಾನುಮತ ಎಂದು ಬರೆದೆ.

ಅಂದಿನಿಂದ ಆ ಎಡಗಿವಿಗೆ ಫೋನು ಅಂಟಿತು. ಗಾಡಿ, ಊಟ, ಮಗಳ ಹೆಸರು ಸೇರಿಸಿರೆಂಬ ತಂದೆಯರ ಕಾಟ. ಅಂಕಣಕ್ಕೆ ಈಗಲೂ ಬೆನ್ನು ತಿರುಗಿಸಿಯೇ ನಿಲ್ಲುತ್ತಿದ್ದರು, ಆದರೆ ಕೇಳಲಿಕ್ಕಲ್ಲ, ಮಾತಾಡಲಿಕ್ಕೆ.

ಅಕ್ಕಲಕೋಟೆಯ ಪಂದ್ಯದಲ್ಲಿ ನಮ್ಮ ತಂಡದ ಎಲ್ಲರಿಗಿಂತ ಚುರುಕಾದ ಆಟಗಾರ್ತಿ, ಕುರನೂರಿನ ಹುಡುಗಿ, ಜಿಗಿದವಳು ನೆಲಕ್ಕೆ ಬಿದ್ದಳು. ಮೊಣಕಾಲು ಹದಿನೈದು ದಿನದಿಂದ ಊದಿಕೊಂಡಿತ್ತಂತೆ. ಯಾಕೆ ಹೇಳಲಿಲ್ಲವೆಂದು ಕೋಚ್ ಕೇಳಿದರು.

"ಹೇಳಿದ್ರ ಯಾದಿಯಾಗಿಂದ ಹೆಸರ ತಗೀತಿದ್ರಿ," ಎಂದಳು. "ಮೊದಲಿನಂಗ ಇದ್ದಿದ್ರ ನಿಮಗ ಹೇಳತಿದ್ನಿ, ಸರ."

ಅವಳು ಮತ್ತೆ ಪಂದ್ಯ ಆಡಲಿಲ್ಲ.

ಪಂದ್ಯದ ಮರುದಿನವೇ ಕೋಚ್ ಯಾದಿಯ ಫೈಲನ್ನು ಸಮಿತಿಯ ಮೇಜಿನ ಮೇಲಿಟ್ಟರು. ಎರಡೂ ಮಾಡಿ, ಇಲ್ಲವೇ ಎರಡೂ ಬಿಡಿ ಎಂದರು ಅಧ್ಯಕ್ಷರು. ಕಲಿಸುವುದನ್ನು ಬಿಟ್ಟು ಬದುಕಲಾರದ ಮನುಷ್ಯ, ಫೈಲನ್ನು ವಾಪಸು ಎತ್ತಿಕೊಂಡು ನನ್ನ ಮನೆಗೆ ಬಂದರು. ಯಾದಿಯನ್ನಷ್ಟೇ ತಗೊಳ್ಳಿ ಎಂದು ಬೇಡಿದರು. ನಾನು ನಿವೃತ್ತ ಎಂದೆ. ಚಹಾ ಕುಡಿಸಿ ಕಳಿಸಿದೆ. ಅಧ್ಯಕ್ಷರ ಮೇಲಿನ ಸಿಟ್ಟಿಗಿಂತ ಆ ಚಹಾ ಕುಡಿಸಿ ಕಳಿಸಿದ ನನ್ನ ಮೇಲಿನ ಸಿಟ್ಟೇ ನನಗೆ ದೊಡ್ಡದು.

ಹಲವು ವರ್ಷ ಎರಡೂ ಕೆಲಸ ಹೊತ್ತು, ಈ ವರ್ಷ ಕೋಚ್ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅಧ್ಯಕ್ಷರು, ಒಬ್ಬರೇ ಇಬ್ಬರ ಕೆಲಸ ಮಾಡಿದ ಪುಣ್ಯಾತ್ಮರು ಎಂದು ಹೊಗಳಿದರು. ಅವರ ನೆನಪಿಗಾಗಿ ಎರಡೂ ಹೊಣೆಯನ್ನು ಕುರನೂರಿನ ಅದೇ ಹುಡುಗಿಗೆ ಕೊಡುವುದಾಗಿಯೂ ಸಾರಿದರು. ಅವಳೀಗ ತರಬೇತಿ ಮುಗಿಸಿ ಕೋಚ್ ಆಗಿದ್ದಾಳೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಟ್ಟಲಿಲ್ಲ, ನನ್ನನ್ನೇ ನೋಡಿದಳು.

ನಾನು ಎದ್ದು ನಿಂತೆ. ಆ ಎರಡನೆಯ ಕೆಲಸವನ್ನು ಅವರು ಬಯಸಿ ಮಾಡಲಿಲ್ಲ, ನಾವು ಹೇರಿದೆವು, ಹೇರಿ ಅವರ ಕಿವಿ ಕಿತ್ತುಕೊಂಡೆವು, ಈ ಹುಡುಗಿಯ ಮೊಣಕಾಲು ಕಿತ್ತುಕೊಂಡೆವು ಎಂದೆ. ಯಾದಿಯ ಫೈಲು ಇತ್ತ ಕೊಡಿ ಎಂದೆ. ನನಗೆ ವಯಸ್ಸಾಯಿತೆಂದು ಅಧ್ಯಕ್ಷರು ನಕ್ಕರು.

"ಬೈಸಿಕೊಳ್ಳೂ ಕೆಲಸಕ್ಕ ವಯಸ್ಸ ಅಡ್ಡ ಬರೂದಿಲ್ರಿ," ಎಂದು ಫೈಲು ತೆಗೆದುಕೊಂಡು ಬಂದೆ.

ಈಗ ಮತ್ತೆ ಐದೂ ಮುಕ್ಕಾಲಿಗೆ ಗೇಟು ತೆಗೆಯುತ್ತೇನೆ. ಹೋದ ವಾರ ಯಾದಿಯಿಂದ ಒಬ್ಬಳ ಹೆಸರು ಹೊಡೆದುಹಾಕಿದೆ. ಅವಳು ನನಗೆ ಕೇಳುವಂತೆಯೇ ಬೈಯುತ್ತ, ಎಲ್ಲರಿಗೂ ಕಾಣುವಂತೆ ಕುಂಟುತ್ತ, ನೇರವಾಗಿ ಹೊಸ ಕೋಚ್ ಹತ್ತಿರ ಹೋದಳು.