ಕತ್ತಿ ಕೆಳಗಿಟ್ಟು ಹೇಳುವ ಮಾತು

ಅರಮನೆಯ ಕ್ಷೌರಿಕನಾಗಿದ್ದ ಮಾವನ ಕೈ ನಡುಗಲು ಶುರುವಾದ ವರ್ಷ ಆ ಕೆಲಸ ಅವಳ ಗಂಡನ ಪಾಲಿಗೆ ಬಂತು. ಗಂಡನ ಪಾಲಿಗೆ ಏನು ಬಂತು, ಅವಳ ಕೆನ್ನೆಯ ಪಾಲಿಗೇ ಬಂತು. ಅಭ್ಯಾಸಕ್ಕೆ ಅಡುಗೆಮನೆಯ ಮುಕ್ಕಾಲಿಯ ಮೇಲೆ ಅವಳೇ ಅರಸ, ಚಮಚದ ಹಿಡಿಯೇ ಕತ್ತಿ. ಮಾವ ಗೋಡೆಗೊರಗಿ ಕೂತು ಪಾಠ ಹೇಳುವರು.

ಕತ್ತಿಯಾಡಿಸುವುದು ಗಂಡನಿಗೆ ನೀರು ಕುಡಿದಷ್ಟು ಸಲೀಸು. ಕಷ್ಟವೆಲ್ಲ ಒಂದು ಮಾತಿನದು. ಅರಸರು ಏನು ಕೇಳಿದರೂ ಉತ್ತರದ ಜೊತೆ 'ಮಹಾಪ್ರಭು' ಅನ್ನಬೇಕು, ಅನ್ನುವಾಗ ಸೊಂಟ ಬಗ್ಗಬೇಕು. ಕತ್ತಿ ಹಿಡಿದು ಬಗ್ಗುವ ಹಾಗಿಲ್ಲ. ಅದನ್ನು ತಟ್ಟೆಯಲ್ಲಿಟ್ಟು, ಮೂರು ಹೆಜ್ಜೆ ಹಿಂದೆ ಸರಿದು, ಬಗ್ಗಿ, ಹೇಳಿ, ಮತ್ತೆ ಬರಬೇಕು. ತಪ್ಪಿದರೆ ಕೆಲಸ ಹೋಯಿತು, ಮನೆಯೂ ಹೋಯಿತು. ಅವರಿದ್ದ ಮನೆ ಅರಮನೆ ಕೊಟ್ಟದ್ದು.

"ಮಹಾಪ್ರಭು ಅಂದ್ರೆ ಏನು ಮಾವ?"

"ನಮ್ಮೆಲ್ಲರ ದೊಡ್ಡ ಒಡೆಯ ಅಂತ. ನಮ್ಮ ಜೀವ ಅವರ ಕೈಯಲ್ಲಿದೆ ಅಂತ."

"ಕತ್ತಿ ಇರೋದು ಇವರ ಕೈಯಲ್ಲಲ್ವಾ?"

"ಅದಕ್ಕೇ ಕೆಳಗಿಡೋದು ತಾಯಿ."

"ಅಲ್ಲಾಡ್ಬೇಡ, ಕೂತ್ಕೋ," ಅಂದ ಗಂಡ, ದಿನಕ್ಕೆ ನೂರು ಸಲ ಅನ್ನುವ ಹಾಗೆ.

ಅರಮನೆಯಲ್ಲಿ ಮೊದಲ ದಿನವೇ ಎಡವಟ್ಟಾಯಿತು. ಕತ್ತಿ ಗಂಟಲ ಹತ್ತಿರ ಬಂದಿದ್ದಾಗ ಕಿಟಕಿಯಲ್ಲೊಂದು ಪಾರಿವಾಳ ಪಟಪಟ ಅಂತು. ಅರಸರು ಕತ್ತು ತಿರುಗಿಸಹೊರಟರು.

"ಅಲ್ಲಾಡ್ಬೇಡ, ಕೂತ್ಕೋ."

ಬಾಗಿಲಲ್ಲಿದ್ದ ಕಾವಲುಗಾರನ ಮುಖ ಸುಣ್ಣವಾಯಿತು. ಅರಸರು ಮಾತ್ರ ಕಲ್ಲಿನ ಹಾಗೆ ಕೂತರು. ಕ್ಷೌರ ಮುಗಿಯುವ ತನಕ ಜೋರಾಗಿ ಉಸಿರೂ ಬಿಡಲಿಲ್ಲ. ಆಮೇಲೆ ಕೇಳಿದರು, "ಯಾರಿಗೆ ಹೇಳಿ ರೂಢಿ?"

ಕತ್ತಿ ತಟ್ಟೆಗೆ, ಮೂರು ಹೆಜ್ಜೆ ಹಿಂದಕ್ಕೆ. "ಹೆಂಡ್ತಿಗೆ, ಮಹಾಪ್ರಭು."

"ಕೇಳ್ತಾಳಾ?"

"ಒಂದು ದಿನಾನೂ ಇಲ್ಲ, ಮಹಾಪ್ರಭು."

ಅರಸರು ನಕ್ಕರು. "ನಾನು ಕೇಳಿದೆ, ಹೋಗಿ ಹೇಳು. ಇನ್ನು ಕತ್ತಿ ನಿನ್ನ ಕೈಲಿದ್ದಾಗ ಈ 'ಮಹಾಪ್ರಭು' ಬೇಡ."

ಸಂಜೆ ಇದನ್ನು ಕೇಳಿ ಅವಳು ತನ್ನ ಕೆನ್ನೆ ಮುಟ್ಟಿಕೊಂಡಳು. ಮಂತ್ರಿಯೂ ನಡು ಬಗ್ಗಿಸಿ ಹೇಳುವ ಮಾತನ್ನು ಬಿಟ್ಟುಕೊಟ್ಟು, ಕಣ್ಣು ಮುಚ್ಚಿ, ತನ್ನ ಗಂಡನ ಮುಂದೆ ಗಂಟಲೊಡ್ಡಿ ಕೂರುವವರು ಎಂಥವರಿರಬೇಕು? ಮೂವತ್ತೊಂದು ವರ್ಷ ಅದು ಅವಳ ತಲೆಯಿಂದ ಇಳಿಯಲಿಲ್ಲ.

ಅರಸರು ತೀರಿಕೊಂಡ ಬೆಳಿಗ್ಗೆ ಕೊನೆಯ ಕ್ಷೌರಕ್ಕೆ ಕರೆ ಬಂತು. ವಯಸ್ಸಾಗಿ ಗಂಡನ ಕಣ್ಣು ಮಂಜಾಗಿತ್ತು. ಬಿಸಿನೀರಿನ ಬಟ್ಟಲು ಹಿಡಿದು ಅವಳೂ ಹೋದಳು. ಅರಸರನ್ನು ಅವಳು ಕಂಡದ್ದು ಅಂದೇ. ಸಣ್ಣ ಮುಖ, ಒಳಸೇರಿದ ಕೆನ್ನೆ. ಕೊನೆಗಾಲದಲ್ಲಿ ಮಾವನಿಗೂ ಹಾಗೇ ಇತ್ತು.

ಗಂಡ ಒಮ್ಮೆ ಕತ್ತಿಯಾಡಿಸಿದ. ತಟ್ಟೆಯಲ್ಲಿಟ್ಟ. ಮೂರು ಹೆಜ್ಜೆ ಹಿಂದೆ ಸರಿದು, ಬಗ್ಗಿ, "ಮಹಾಪ್ರಭು" ಅಂದ. ಬಂದು ಇನ್ನೊಮ್ಮೆ ಆಡಿಸಿದ. ಮತ್ತೆ ಹಿಂದೆ ಸರಿದ.

"ಬೇಡ ಅಂದಿದ್ರಲ್ಲ ರೀ," ಅವಳು ಪಿಸುಗುಟ್ಟಿದಳು.

"ಕೆಳಗಿಟ್ಟೇ ಹೇಳ್ತಿದೀನಿ ಕಣೆ."

ಬಟ್ಟಲ ನೀರು ಮೂರು ಸಲ ಆರಿತು, ಮೂರು ಸಲವೂ ಅವಳು ಬಿಸಿನೀರು ತಂದಳು. ಬಾಗಿಲಲ್ಲಿ ನಿಂತವರು ಯಾರೂ ಬೇಗ ಮುಗಿಸು ಅನ್ನಲಿಲ್ಲ.